ಎಂಬತ್ತೈದನೆಯ ಎಸೆತ

ಹುಲ್ಲು ಕತ್ತರಿಸುವ ಯಂತ್ರವನ್ನು ಗ್ಯಾರೇಜಿನಿಂದ ಹೊರಗೆ ತಂದ ಮಾತ್ರಕ್ಕೆ ಹುಲ್ಲು ಕತ್ತರಿಸಲೇಬೇಕೆಂಬ ಕಾನೂನು ನಮ್ಮ ನ್ಯೂಕ್ಯಾಸಲ್‌ನಲ್ಲಿ ಇಲ್ಲ. ಈ ಸತ್ಯವನ್ನು ನಾನು ಕಲಿತದ್ದು ನೆರೆಮನೆಯ ವಾಲ್ಟರ್ ಅವರಿಂದ. ಶನಿವಾರ ಬೆಳಗ್ಗೆ ಹತ್ತಕ್ಕೆ ಅವರು ತಮ್ಮ ಯಂತ್ರವನ್ನು ತಮ್ಮ ಅಂಗಳಕ್ಕೆ ತರುತ್ತಾರೆ, ನಾನು ನನ್ನದನ್ನು ನನ್ನ ಅಂಗಳಕ್ಕೆ ತರುತ್ತೇನೆ. ಇಬ್ಬರೂ ಅವುಗಳ ಹಿಡಿಗೆ ಒರಗಿ ನಿಂತು, ಬೇಸ್‌ಬಾಲ್ ಆಟದ ಇಷ್ಟು ಕಾಲದ ಚರಿತ್ರೆಯಲ್ಲಿ ಚೆಂಡೆಸೆದ ಮಹಾನುಭಾವರ ಪೈಕಿ ಶ್ರೇಷ್ಠರು ಯಾರು ಎಂಬ ಪ್ರಶ್ನೆಯನ್ನು ಹೋದ ವಾರ ಬಿಟ್ಟ ಕಡೆಯಿಂದ ಎತ್ತಿಕೊಳ್ಳುತ್ತೇವೆ. ಹನ್ನೆರಡು ಗಂಟೆಗೆ ಯಂತ್ರಗಳು ಒಳಗೆ ಹೋಗುತ್ತವೆ. ಹುಲ್ಲು ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ.

ಆ ಮಹಾನುಭಾವರ ಹೆಸರುಗಳು ಈ ಬರಹದಲ್ಲಿ ಸಿಗಬಹುದೆಂದು ನೀವು ಕಾದಿದ್ದರೆ ಕ್ಷಮಿಸಬೇಕು. ಹೆಸರು ಬರೆದರೆ ಓದಿದವರೆಲ್ಲ ಕಾಲ್ ಮಾಡಿ ಜಗಳಕ್ಕೆ ಬರುತ್ತಾರೆ ಎಂದು ನನ್ನ ಹೆಂಡತಿ ನಸೀಮ ಮೊದಲೇ ತಾಕೀತು ಮಾಡಿದ್ದಾಳೆ. ಮೈಸೂರಿನ ಕನ್ನಡ ಶಾಲೆಯಲ್ಲಿ ಓದಿದ ಈ ನಸೀಮ ಮನೆಮಾತಿಗೆ ಉರ್ದುವನ್ನೂ ಆಫೀಸಿಗೆ ಇಂಗ್ಲಿಷನ್ನೂ ಬಳಸಿ, ನನ್ನನ್ನು ತರಾಟೆಗೆ ತೆಗೆದುಕೊಳ್ಳುವುದಕ್ಕೆಂದು ಕನ್ನಡವನ್ನು ಕಾದಿರಿಸಿಕೊಂಡಿದ್ದಾಳೆ. ಉರ್ದುವಿನಲ್ಲಿ ಬೈದರೆ ಬೈಗುಳಕ್ಕೂ ಒಂದು ಮರ್ಯಾದೆ ಬಂದುಬಿಡುತ್ತದೆ ಎಂಬುದು ಅವಳ ದೂರು. “ರೀ, ಹುಲ್ಲು ಮಂಡಿ ತನಕ ಬಂದಿದೆ. ನಿಮ್ಮ ಪಿಚರ್‌ಗಳಲ್ಲಿ ಯಾರಾದ್ರೂ ಒಬ್ರು ಬಂದು ಕತ್ತರಿಸ್ಕೊಟ್ಟು ಹೋಗ್ತಾರಾ ಕೇಳಿ” ಎಂದು ಅವಳು ಕಿಟಕಿಯಿಂದ ಕೂಗಿದಾಗ, ಭಾಷೆ ತಿಳಿಯದ ವಾಲ್ಟರ್ ಅದನ್ನು ಶುಭಾಶಯವೆಂದು ಭಾವಿಸಿ ಟೋಪಿ ಎತ್ತಿ ವಂದಿಸುತ್ತಾರೆ.

ಪಿಚರ್ ಎಂದರೆ, ಮಣ್ಣಿನ ಒಂದು ಸಣ್ಣ ದಿಬ್ಬದ ಮೇಲೆ ನಿಂತು, ಓಡಿ ಬಾರದೆ, ನಿಂತಲ್ಲಿಂದಲೇ ಕಾಲೆತ್ತಿ ಬ್ಯಾಟುಗಾರನತ್ತ ಚೆಂಡು ಬೀಸುವವನು. ಕ್ರಿಕೆಟ್ಟಿನ ಬೌಲರ್‌ಗೆ ಆರು ಚೆಂಡಾದ ಮೇಲೆ ಬೌಂಡರಿ ಗೆರೆಯ ಬಳಿ ನಿಂತು ಮೈ ಕೆರೆದುಕೊಳ್ಳುವ ಸೌಲಭ್ಯವಿದೆ, ಈ ಬಡಪಾಯಿಗೆ ಅದೂ ಇಲ್ಲ. ಎದುರಿನವರ ಸರದಿ ಮುಗಿಯುವವರೆಗೂ ಅವನೊಬ್ಬನೇ ಎಸೆಯುತ್ತಿರಬೇಕು. ಮೈಸೂರಿನ ಮೈದಾನದ ಕಟ್ಟೆಯ ಮೇಲೆ ಕೂತು, ಒಂದು ಪೊಟ್ಟಣ ಕಡಲೆಕಾಯಿಗೆ ಮೂರು ತಲೆಮಾರಿನ ಬೌಲರ್‌ಗಳನ್ನು ತೂಗಿ ನೋಡಿ ಬೆಳೆದ ನನಗೆ ಆಟ ಬದಲಾಯಿತೇ ಹೊರತು ಉದ್ಯೋಗ ಬದಲಾಗಲಿಲ್ಲ. ಅಲ್ಲೂ ನನ್ನ ಪಕ್ಷ ಒಂದೇ ಆಗಿತ್ತು: ನಾನು ಹುಟ್ಟುವ ಮೊದಲು ಆಡಿದವರೇ ಶ್ರೇಷ್ಠರು. ಅವರ ಆಟವನ್ನು ನಾನು ಕಣ್ಣಾರೆ ಕಾಣದೆ ಇದ್ದದ್ದರಿಂದ ಅವರಲ್ಲಿ ದೋಷ ಕಾಣುವ ಅವಕಾಶವೂ ನನಗೆ ಒದಗಲಿಲ್ಲ.

ವಾಲ್ಟರ್ ಮುಕಿಲ್ಟಿಯೊ ಊರಿನ ಬಳಿಯ ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗಳಿಗೆ ತೂತು ಕೊರೆಯುತ್ತ ಆಯುಷ್ಯ ಸವೆಸಿ ನಿವೃತ್ತರಾದವರು, ಇಲ್ಲಿಯೇ ಹುಟ್ಟಿ ಬೆಳೆದವರು. ಅಂಥವರು ಹಳೆಯ ಕಾಲವನ್ನು ಹೊಗಳಬೇಕು, ನಿನ್ನೆ ಮೊನ್ನೆ ಬಂದ ನಾನು ಹೊಸತನ್ನು ಹೊಗಳಬೇಕು, ನ್ಯಾಯವಾಗಿ ಹಾಗಿರಬೇಕಿತ್ತು. ನಮ್ಮ ಅಂಗಳದಲ್ಲಿ ಅದು ತಿರುಗಾಮುರುಗಾ. ಹೊಸದಾಗಿ ಮತಕ್ಕೆ ಸೇರಿದವನ ಭಕ್ತಿ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ! ರೈಲಿನಲ್ಲಿ ಊರೂರು ಸುತ್ತಿ, ಎರಡು ದಿನಕ್ಕೊಮ್ಮೆ ದಿಬ್ಬವೇರಿ, ಆರಂಭಿಸಿದ ಆಟವನ್ನು ತಾವೇ ಮುಗಿಸಿ ಇಳಿಯುತ್ತಿದ್ದ ಪುರಾತನರ ವಕೀಲ ನಾನು. ವಾಲ್ಟರ್ ಇಂದಿನವರ ವಕೀಲರು. ಆಗಿನ ಚೆಂಡು ಆಟದ ಕೊನೆಯ ಹೊತ್ತಿಗೆ ಕೊಳೆ ಹಿಡಿದು ಕಪ್ಪಾಗಿರುತ್ತಿತ್ತು, ಅದಕ್ಕೆ ಉಗುಳು ಬೇರೆ ಬಳಿಯುತ್ತಿದ್ದರು, ಕಾಣದ ಚೆಂಡನ್ನು ಯಾರು ತಾನೇ ಹೊಡೆದಾರು ಎಂಬುದು ಅವರ ಮೊದಲ ವಾದ. ನಡುವಿನ ಕಾಲದವರಿಗೆ ದಿಬ್ಬವೇ ಎತ್ತರವಾಗಿತ್ತು, ಅವರ ಹಾವಳಿ ತಾಳಲಾರದೆ ಅದನ್ನು ತಗ್ಗಿಸಬೇಕಾಯಿತು ಎಂಬುದು ಎರಡನೆಯದು. ಇಂದಿನವರು ಎಷ್ಟು ವೇಗವಾಗಿ ಎಸೆದರೇನು, ಆಟ ಅರ್ಧವಾಗುವಷ್ಟರಲ್ಲಿ ಕೋಚ್ ಬಂದು ಕೈಯಿಂದ ಚೆಂಡು ಕಿತ್ತುಕೊಂಡು ಕಳಿಸುತ್ತಾನಲ್ಲ, ಇದೂ ಒಂದು ಶೌರ್ಯವೇ ಎಂದು ನಾನು ಹೀಗಳೆಯುತ್ತಿದ್ದೆ. ಆಗ ವಾಲ್ಟರ್ ಮಾತು ನಿಲ್ಲಿಸಿ, ಹುಲ್ಲಿನ ಯಂತ್ರದ ಚಕ್ರಕ್ಕೆ ಅಂಟಿದ ಮಣ್ಣನ್ನು ಕಾಲಿನಿಂದ ಒರೆಸುತ್ತ ನಿಲ್ಲುತ್ತಿದ್ದರು. ಅದನ್ನು ನಾನು ಸೋಲೊಪ್ಪಿಕೊಂಡ ಲಕ್ಷಣವೆಂದೇ ತಿಳಿದಿದ್ದೆ.

ಈ ವಾದಗಳನ್ನೆಲ್ಲ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ ಮೂರನೆಯ ವ್ಯಕ್ತಿಯೊಬ್ಬಳಿದ್ದಳು, ನನ್ನ ಹನ್ನೆರಡು ವರ್ಷದ ಮಗಳು ಜೋಯಾ. ಕನ್ನಡವನ್ನೂ ಉರ್ದುವನ್ನೂ ಪೂರ್ತಿ ಅರ್ಥ ಮಾಡಿಕೊಂಡು ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಈ ಮಹಾರಾಯಿತಿ, ಊರಿನ ಮಕ್ಕಳ ತಂಡದಲ್ಲಿ ಪಿಚರ್. ತಂಡದ ತುಂಬ ಹುಡುಗರು, ದಿಬ್ಬದ ಮೇಲೆ ಮಾತ್ರ ಎರಡು ಜಡೆಯ ನನ್ನ ಮಗಳು. ಅವಳು ಕಾಲೆತ್ತಿ ಚೆಂಡು ಬೀಸುವುದನ್ನು ಕಂಡಾಗ ನನಗಾಗುವ ಹೆಮ್ಮೆಯನ್ನು ಬರೆಯಲು ಹೊರಟರೆ ಈ ಪ್ರಬಂಧ ಇಲ್ಲಿಗೇ ನಿಂತುಹೋಗುತ್ತದೆ. ಹಳೆಯವರು ಮುಗಿಸದೆ ದಿಬ್ಬ ಇಳಿಯುತ್ತಿರಲಿಲ್ಲ ಎಂದು ನಾನು ಬೇಲಿಯಾಚೆಗೆ ಕೂಗಿ ಹೇಳುವಾಗ ಅವಳ ಕಣ್ಣು ನನ್ನ ಮುಖದ ಮೇಲೇ ಇರುತ್ತಿತ್ತು.

ಮಕ್ಕಳ ಆಟದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಅವಳ ವಯಸ್ಸಿನವರು ಒಂದು ದಿನಕ್ಕೆ ಎಂಬತ್ತೈದು ಎಸೆತಕ್ಕಿಂತ ಹೆಚ್ಚು ಎಸೆಯಕೂಡದು. ಆ ಸಂಖ್ಯೆ ತಲುಪಿದಾಗ ಎದುರಿಗಿರುವ ಬ್ಯಾಟುಗಾರನನ್ನು ಮುಗಿಸಿ ಇಳಿದುಬಿಡಬೇಕು. ಬೆಳೆಯುವ ಮೂಳೆ ಅದಕ್ಕಿಂತ ಹೆಚ್ಚು ತಾಳದು ಎಂಬ ಕಾಳಜಿಯ ನಿಯಮವದು. ಆದ್ದರಿಂದ ಎಸೆತ ಎಣಿಸುವುದಕ್ಕೆಂದೇ ಪ್ರತಿ ತಂಡದಲ್ಲೂ ಒಬ್ಬ ತಂದೆಯೋ ತಾಯಿಯೋ ನೇಮಕವಾಗುತ್ತಾರೆ. ಭಾರತದಿಂದ ಬಂದವನು, ಸಾಫ್ಟ್‌ವೇರಿನವನು, ಕನ್ನಡಕದವನು. ಎಣಿಕೆಯಲ್ಲಿ ತಪ್ಪುವುದುಂಟೇ ಎಂದು ನಮ್ಮ ಕೋಚ್ ನನ್ನ ಕೈಗೆ ಒಂದು ಪುಟ್ಟ ಯಂತ್ರವನ್ನು ಕೊಟ್ಟರು. ಗುಂಡಿಯನ್ನು ಒಂದು ಸಲ ಒತ್ತಿದರೆ ಒಂದು ಸಂಖ್ಯೆ ಮುಂದೆ ಹೋಗುವ ಆ ಯಂತ್ರವನ್ನು ಕಂಡು ನನಗೆ ನಗು ಬಂತು. ಅಂಥದ್ದನ್ನೇ ಬೆರಳಿಗೆ ಸಿಕ್ಕಿಸಿಕೊಂಡು ನನ್ನ ಅಮ್ಮಿ ಮೈಸೂರಿನಲ್ಲಿ ದೇವರ ನಾಮ ಎಣಿಸುತ್ತಿದ್ದಳು.

ಎಣಿಕೆಯೆಂದರೆ ಎಲ್ಲ ಕಡೆಯೂ ಒಂದೇ ಎಂದು ನೀವು ತಿಳಿದಿದ್ದರೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿಲ್ಲವೆಂದು ಅರ್ಥ. ಐದು ಚಪಾತಿ ತಿಂದವನಿಗೆ “ಎರಡೇ ಆಯ್ತಲ್ಲೋ, ಇನ್ನೊಂದು ಹಾಕ್ಕೋ” ಎನ್ನುವುದು ನಮ್ಮಲ್ಲಿ ಸುಳ್ಳಲ್ಲ, ಉಪಚಾರ. ಮಕ್ಕಳ ತುತ್ತನ್ನು ಎಣಿಸಬಾರದು, ನಜರ್, ಅಂದರೆ ದೃಷ್ಟಿ, ತಾಗುತ್ತದೆ. ಎಣಿಸಲೇಬೇಕಾಗಿ ಬಂದರೆ ಒಂದು ಕಡಿಮೆ ಹೇಳಬೇಕು. ಪ್ರಾರ್ಥನೆಯಲ್ಲಿಯೂ ಅಮ್ಮಿ ಕಲಿಸಿದ್ದು ಅದೇ ದಾರಿ. ಮೂರಾಯಿತೋ ನಾಲ್ಕಾಯಿತೋ ಎಂಬ ಸಂಶಯ ಬಂದರೆ ಮೂರೆಂದೇ ಹಿಡಿದು ಇನ್ನೊಂದು ಮಾಡು, ದೇವರಿಗೆ ಹೆಚ್ಚು ಸಂದರೆ ನಷ್ಟವಿಲ್ಲ, ಕಡಿಮೆಯಾಗಬಾರದು. ಐವತ್ತು ವರ್ಷ ಈ ಸೂತ್ರದಿಂದ ನನಗೆ ಒಳ್ಳೆಯದೇ ಆಗಿದೆ. ಅದು ದಿಬ್ಬದ ಮೇಲೆ ನಿಂತ ಮಗುವಿನ ತೋಳಿಗೆ ಅನ್ವಯಿಸುವುದಿಲ್ಲ ಎಂದು ಮಾತ್ರ ನನಗೆ ಹೊಳೆಯಲಿಲ್ಲ.

ಹೊಳೆಯದೆ ಹೋದದ್ದು ಹತ್ತಿರದ ಊರು ಕೆಂಟ್‌ನಲ್ಲಿ, ಉಗ್ರಾಣಗಳ ಹಿಂದಿನ ಒಂದು ಮೈದಾನದಲ್ಲಿ, ಮೇ ತಿಂಗಳ ಒಂದು ಶನಿವಾರ. ಆವತ್ತು ಅಂಗಳದ ಚರ್ಚೆ ತಪ್ಪಿಹೋಗುತ್ತದಲ್ಲ ಎಂದು ವಾಲ್ಟರ್ ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಅವರ ತೊಡೆಯ ಮೇಲೆ ಅವರ ಸ್ಕೋರು ಪುಸ್ತಕ. ಒಂದೊಂದು ಎಸೆತಕ್ಕೆ ಒಂದೊಂದು ಚುಕ್ಕೆ ಇಡುತ್ತ ಆಟ ನೋಡುವುದು ಅವರ ಪದ್ಧತಿ. ನನ್ನ ಕೈಯಲ್ಲಿ ಎಣಿಕೆಯ ಯಂತ್ರ. ಮಕ್ಕಳ ಆಟಕ್ಕೆ ಆರು ಇನಿಂಗ್ಸ್, ಅಂದರೆ ಎರಡೂ ತಂಡಕ್ಕೆ ಆರಾರು ಸರದಿ. ಮೂರನೆಯ ಇನಿಂಗ್ಸ್‌ನಲ್ಲಿ ನಾನು ಪುರಾತನರ ವಿಷಯ ತೆಗೆದೆ, ಕೊಳೆ ಹಿಡಿದ ಚೆಂಡಿನ ಪ್ರಸಂಗ ಬಂತು, ನಾನು ಎರಡೂ ಕೈಯೆತ್ತಿ ಉತ್ತರ ಕೊಡುತ್ತಿದ್ದಾಗ ಜೋಯಾ ಎಷ್ಟು ಎಸೆದಳೋ ಗೊತ್ತಾಗಲಿಲ್ಲ. ಮೂರಿರಬಹುದು, ಏಳಿರಬಹುದು. ಮೂರೆಂದು ಹಿಡಿದೆ. ನಾಲ್ಕನೆಯದರಲ್ಲಿ ದಿಬ್ಬದ ಎತ್ತರದ ಪ್ರಶ್ನೆ ಬಂದು ಇನ್ನೊಮ್ಮೆ ಹಾಗಾಯಿತು, ಐದನೆಯದರಲ್ಲಿ ಮತ್ತೊಮ್ಮೆ. ಪ್ರತಿ ಸಲವೂ ಕಡಿಮೆಯದನ್ನೇ ಹಿಡಿದೆ, ಎಳ್ಳಷ್ಟೂ ಅಳುಕದೆ. ಎದುರು ತಂಡದವರು ನನ್ನ ಗಂಭೀರ ಮುಖಮುದ್ರೆಯನ್ನು ನಂಬಿ ನಾನು ಹೇಳಿದ ಸಂಖ್ಯೆಯನ್ನೇ ತಮ್ಮ ಹಾಳೆಗೆ ಇಳಿಸಿಕೊಂಡರು. ಆರನೆಯ ಇನಿಂಗ್ಸ್‌ನ ಕೊನೆಯ ಎಸೆತ ಬಿದ್ದು ನಾವು ಗೆದ್ದಾಗ ನನ್ನ ಯಂತ್ರದಲ್ಲಿ ಎಂಬತ್ತಮೂರು ಇತ್ತು. ಆರಂಭಿಸಿದ ಆಟವನ್ನು ನನ್ನ ಮಗಳು ತಾನೇ ಮುಗಿಸಿದ್ದಳು. ಬೇಲಿಯ ಬಳಿ ಓಡಿಬಂದು ಅವಳು ತನ್ನ ಅಬ್ಬಾನನ್ನು, ಅಂದರೆ ನನ್ನನ್ನು, ಕೇಳಿದ್ದು ಒಂದೇ ಮಾತು: “ಅಬ್ಬಾ, ಲೈಕ್ ದಿ ಓಲ್ಡ್ ಗೈಸ್, ರೈಟ್?” ಅವರಿಗಿಂತ ಒಂದು ಕೈ ಮೇಲು ಅಂದೆ.

ಮರುದಿನ ಮಧ್ಯಾಹ್ನ ಖೀಮಾ ಚಪಾತಿ. ಜೋಯಾ ಎಡಗೈಯಲ್ಲಿ ಚಪಾತಿ ಮುರಿಯುತ್ತಿದ್ದಳು. ನಮ್ಮ ಮನೆಯಲ್ಲಿ ಎಡಗೈ ತಟ್ಟೆಗೆ ಹೋದರೆ ನಸೀಮಳ ಕಣ್ಣಿಗೆ ಬೀಳದೆ ಇರುವುದಿಲ್ಲ. “ಏನೇ ಇದು, ಎಡಗೈಲಿ ತಿಂತೀಯಾ? ಬಲಗೈಗೆ ಏನಾಗಿದೆ?” ಎಂದು ಗದರಿದಳು. ಏನಿಲ್ಲ, ಫೋನ್ ಹಿಡಿದಿದ್ದೆ ಎಂದು ಹುಡುಗಿ ಇಂಗ್ಲಿಷಿನಲ್ಲಿ ಸಬೂಬು ಹೇಳಿತು, ಫೋನು ನೋಡಿದರೆ ಕೋಣೆಯಲ್ಲಿತ್ತು. ನಸೀಮ ಕೈ ಹಿಡಿದು ಬಾಯಿಯತ್ತ ಮಡಿಸಲು ಹೋದಳು. ಮೊಣಕೈ ಅರ್ಧಕ್ಕೆ ಬಂದು ನಿಂತಿತು, ಮಗಳು ಕಿರುಚಿದಳು. ಎಷ್ಟು ದಿನದಿಂದ ಅಂದರೆ ಎರಡು ವಾರದಿಂದ. ಯಾಕೆ ಹೇಳಲಿಲ್ಲ ಅಂದರೆ, ತಾಯಿಯನ್ನು ಬಿಟ್ಟು ನನ್ನನ್ನು ನೋಡಿದಳು. “ಯೂ ಸೆಡ್ ದಿ ಗ್ರೇಟ್ ಒನ್ಸ್ ನೆವರ್ ಕೇಮ್ ಔಟ್.” ದೊಡ್ಡವರು ಎಂದೂ ಅರ್ಧಕ್ಕೆ ಇಳಿಯುತ್ತಿರಲಿಲ್ಲ ಎಂದು ನಾನೇ ತಾನೇ ಹೇಳಿದ್ದು.

ನಸೀಮ ಆವತ್ತು ನನಗೆ ಕನ್ನಡದಲ್ಲಿ ಬೈಯಲಿಲ್ಲ. ಯಾವ ಭಾಷೆಯಲ್ಲಿಯೂ ಬೈಯಲಿಲ್ಲ, ಹಾಗಾಗಿ ನನಗೆ ಹೆದರಿಕೆಯಾಯಿತು. ಸೋಮವಾರ ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆ ಬೆಳೆಯುವ ಜಾಗದಲ್ಲಿ ಊತವಿದೆ, ಸದ್ಯ ಮುರಿದಿಲ್ಲ, ಮೂರು ತಿಂಗಳು ಚೆಂಡು ಎಸೆಯುವಂತಿಲ್ಲ, ಇನ್ನೆರಡು ಆಟ ಹೀಗೇ ನಡೆದಿದ್ದರೆ ತಾವು ಬೇರೆ ಮಾತು ಆಡಬೇಕಾಗುತ್ತಿತ್ತು ಎಂದರು. ಕಾರಿನಲ್ಲಿ ಕೂತ ಮೇಲೆ ಜೋಯಾ ಅತ್ತಳು. ನಾನು ಸ್ಟೀರಿಂಗ್ ಹಿಡಿದುಕೊಂಡು ಅತ್ತೆ.

ಸಂಜೆ ವಾಲ್ಟರ್ ಸ್ಕೋರು ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಬಂದರು. ಆಟದ ಚುಕ್ಕೆಗಳನ್ನು ಅವರು ಕೂಡುವುದು ಮನೆಗೆ ಹೋದ ಮೇಲೆ, ನಿಧಾನವಾಗಿ, ಬಿಯರ್ ಕುಡಿಯುತ್ತ. ಈ ಸಲ ಕೂಡಿದಾಗ ತೊಂಬತ್ತೈದು ಬಂತಂತೆ. ತಪ್ಪಿರಬಹುದೆಂದು ಮೂರು ಸಲ ಕೂಡಿದ್ದರು. ನನ್ನ ಎಂಬತ್ತಮೂರಕ್ಕೂ ಅವರ ತೊಂಬತ್ತೈದಕ್ಕೂ ನಡುವಿನ ಹನ್ನೆರಡು ಎಸೆತಗಳು ಎಲ್ಲಿ ಹೋದವೆಂದು ಅವರು ಕೇಳಲಿಲ್ಲ, ನಾನೇ ಹೇಳಿದೆ. ಅಮ್ಮಿಯ ಸೂತ್ರವನ್ನೂ ಹೇಳಿದೆ. ಕೇಳಿ ಅವರು ನಗಲಿಲ್ಲ. ಅಂಗಿಯ ತೋಳು ಮೇಲೆ ಸರಿಸಿ ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. ಅದು ಪೂರ್ತಿ ಚಾಚಿಕೊಳ್ಳಲಿಲ್ಲ, ಮೊಣಕೈಯ ಬಳಿ ಬಾಗಿಯೇ ನಿಂತಿತು. ಏಳು ವರ್ಷ ಬೇಲಿಯಾಚೆಗೆ ಮಾತಾಡಿಯೂ ನಾನು ಅದನ್ನು ಅವರ ನಿಲುವಿನ ಶೈಲಿಯೆಂದುಕೊಂಡಿದ್ದೆ.

ಹೈಸ್ಕೂಲಿನಲ್ಲಿ ಅವರು ಪಿಚರ್ ಆಗಿದ್ದರಂತೆ. ಒಂದೇ ದಿನ ಎರಡು ಆಟ ಬಂತು, ಎರಡನ್ನೂ ತಾವೇ ಎಸೆದು ಗೆಲ್ಲಿಸಿದರು, ಊರವರು ಹೆಗಲ ಮೇಲೆ ಹೊತ್ತು ಕುಣಿದರು. ಮರುವಾರದಿಂದ ಕೈ ನೆಟ್ಟಗಾಗಲಿಲ್ಲ. ಆಮೇಲೆ ಕಾರ್ಖಾನೆ ಸೇರಿ ಡ್ರಿಲ್ಲನ್ನು ಎಡಗೈಯಲ್ಲಿ ಹಿಡಿಯುವುದನ್ನು ಕಲಿತರು. ಇಂದಿನವರ ಕೈಯಿಂದ ಕೋಚ್ ಚೆಂಡು ಕಿತ್ತುಕೊಳ್ಳುವುದನ್ನು ಕಂಡಾಗಲೆಲ್ಲ ತಮಗೆ ಹೊಟ್ಟೆಕಿಚ್ಚಾಗುತ್ತದೆ, ತಮ್ಮ ಕೈಯಿಂದ ಆವತ್ತು ಯಾರೂ ಕಿತ್ತುಕೊಳ್ಳಲಿಲ್ಲವಲ್ಲ ಎಂದು, ಅಂದರು. ಅಷ್ಟು ಹೇಳಿ ಪುಸ್ತಕ ಮಡಚಿಕೊಂಡು ಎದ್ದರು.

ಅವರು ಹೋದ ಮೇಲೆ ನಾನು ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದೆ. ನನ್ನ ಪುರಾತನರೆಲ್ಲ ಉಕ್ಕಿನ ತೋಳಿನವರು, ನಿಜ. ಉಕ್ಕಲ್ಲದ ತೋಳಿನವರ ಹೆಸರು ಯಾವ ಪುಸ್ತಕಕ್ಕೂ ಬರಲಿಲ್ಲ, ಅವರು ವಿಮಾನಕ್ಕೆ ತೂತು ಕೊರೆಯಲು ಹೋದರು. ಒಬ್ಬ ದೈತ್ಯನನ್ನು ಇನ್ನೊಬ್ಬ ದೈತ್ಯನೊಂದಿಗೆ ಹೋಲಿಸಿ ಹೋಲಿಸಿ ನನಗೆ ಒಂದು ಕಾಲವನ್ನು ಕಂಡಂತೆ ಭ್ರಮೆಯಾಗಿತ್ತು. ಉಳಿದವರನ್ನಷ್ಟೇ ಎಣಿಸಿದ್ದೆ, ಅದರಲ್ಲೂ ನನ್ನ ಎಣಿಕೆಯ ವೈಖರಿ ನಿಮಗೆ ಗೊತ್ತೇ ಇದೆ. ಒಳಗೆ ಹೋಗಿ ಜೋಯಾಳ ಮಂಚದ ಬಳಿ ಕೂತು, “ತಪ್ಪು ನಂದು ಬೇಟಾ. ನಿಂದಲ್ಲ. ನಾನು ನಿನ್ನ ಆಟ ನೋಡ್ತಾ ಇರ್ಲಿಲ್ಲ, ಮಾತಾಡ್ತಾ ಇದ್ದೆ” ಅಂದೆ. ಅವಳು ಗೊತ್ತು ಎಂಬಂತೆ ತಲೆಯಾಡಿಸಿದಳು. ಇಷ್ಟು ಸುಲಭವಾಗಿ ಒಪ್ಪಿಕೊಂಡುಬಿಡುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ.

ಕೋಚ್‌ಗೆ ಎಲ್ಲವನ್ನೂ ಬರೆದು ಕಳಿಸಿ ರಾಜೀನಾಮೆ ಕೊಟ್ಟೆ. ಅವರು ಅದನ್ನು ತಕ್ಷಣ ಅಂಗೀಕರಿಸಿದ್ದು ನನ್ನ ಅಭಿಮಾನಕ್ಕೆ ಸ್ವಲ್ಪ ನೋವು ಕೊಟ್ಟಿತೆಂದು ಒಪ್ಪಿಕೊಳ್ಳುತ್ತೇನೆ. ಎಣಿಕೆಯ ಯಂತ್ರ ನಮ್ಮ ಮನೆ ಬಿಟ್ಟು ಹೋಗಲಿಲ್ಲ ಮಾತ್ರ. ಕೈಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂರುವ ಮಗಳಿಗೇ ಆ ಕೆಲಸ ಕೊಟ್ಟರು. ತನ್ನ ಜಾಗದಲ್ಲಿ ದಿಬ್ಬವೇರಿದ ಈಥನ್ ಎಂಬ ಹುಡುಗನ ಎಸೆತಗಳನ್ನು ಅವಳು ಎಣಿಸಬೇಕು. ಮೊದಲ ದಿನ ಅವಳ ಮುಖ ನೋಡಲಾಗುತ್ತಿರಲಿಲ್ಲ. ಎರಡನೆಯ ವಾರದಿಂದ ಅವಳು ಕಣ್ಣು ಮಿಟುಕಿಸುವುದನ್ನೇ ಬಿಟ್ಟಳು.

ಜೂನ್ ತಿಂಗಳ ಕೊನೆಯ ಆಟ ನಮ್ಮೂರಿನಲ್ಲೇ ಇತ್ತು, ಗೆದ್ದವರು ಮುಂದಿನ ಸುತ್ತಿಗೆ. ನಾನು, ನಸೀಮ, ವಾಲ್ಟರ್ ಮೂವರೂ ಬಾಯಿ ಮುಚ್ಚಿಕೊಂಡು ಸಾಲಾಗಿ ಕೂತಿದ್ದೆವು. ಮಾತಾಡಕೂಡದೆಂಬುದು ನಸೀಮಳ ಷರತ್ತು. ಈಥನ್ ಅದ್ಭುತವಾಗಿ ಎಸೆಯುತ್ತಿದ್ದ. ಕೊನೆಯ ಇನಿಂಗ್ಸ್, ನಾವು ಒಂದು ಓಟ ಮುಂದೆ, ಇನ್ನೊಬ್ಬನನ್ನು ಔಟ್ ಮಾಡಿದರೆ ಮುಗಿಯಿತು. ಅದೇ ಗಳಿಗೆಯಲ್ಲಿ ಅವನ ಒಂದು ಚೆಂಡು ಕೈ ಬಿಡುತ್ತಿದ್ದಂತೆಯೇ ಅಂಪೈರ್ ಕೈಯೆತ್ತಿ ಆಟ ನಿಲ್ಲಿಸಿದರು, ಬ್ಯಾಟುಗಾರನ ಕಣ್ಣಿಗೆ ಧೂಳು ಬಿದ್ದಿತ್ತು. ಅದು ಲೆಕ್ಕಕ್ಕೆ ಸೇರುವ ಎಸೆತವೋ ಅಲ್ಲವೋ ಯಾರಿಗೂ ಖಚಿತವಿರಲಿಲ್ಲ. ಆಟ ಮುಂದುವರಿದು ಆ ಬ್ಯಾಟುಗಾರ ಔಟಾಗದೆ ಹೇಗೋ ಫಸ್ಟ್ ಬೇಸ್ ಎಂಬ ಒಂದನೆಯ ನೆಲೆ ಸೇರಿಕೊಂಡ. ಮುಂದಿನವನು ಬ್ಯಾಟು ತಿರುಗಿಸುತ್ತ ಬರುತ್ತಿದ್ದಂತೆ ಜೋಯಾ ಬೆಂಚಿನಿಂದ ಎದ್ದು ನಿಂತು, ಪಟ್ಟಿಯಿಲ್ಲದ ಕೈಯನ್ನು ಎತ್ತಿದಳು. “ಎಯ್ಟಿ ಫೈವ್!”

ನಾನು ವಾಲ್ಟರ್ ಅವರ ಪುಸ್ತಕಕ್ಕೆ ಬಗ್ಗಿದೆ. ಆವತ್ತು ಅವರು ಪ್ರತಿ ಇನಿಂಗ್ಸ್‌ಗೂ ಕೂಡಿಕೊಂಡು ಬಂದಿದ್ದರು. ಆ ಧೂಳಿನ ಎಸೆತವನ್ನು ಬಿಟ್ಟು ಅವರ ಚುಕ್ಕೆ ಎಂಬತ್ತನಾಲ್ಕು. ಅಂದರೆ ಇನ್ನೊಬ್ಬ ಬ್ಯಾಟುಗಾರನಿಗೆ ಈಥನ್ ಎಸೆಯಬಹುದಿತ್ತು, ಆ ಒಬ್ಬನೇ ಸಾಕಿತ್ತು. ವಾಲ್ಟರ್ ನನ್ನ ಮುಖ ನೋಡಿ ಪುಸ್ತಕ ಮುಚ್ಚಿದರು. ದಿಬ್ಬದ ಮೇಲೆ ಈಥನ್ ಅಳು ನುಂಗುತ್ತ ನಿಂತಿದ್ದ. ಅವನಪ್ಪ ಬೇಲಿಯ ಬಳಿ ಏನೋ ಕೂಗುತ್ತಿದ್ದ. ಕೋಚ್ ಜೋಯಾಳ ಬಳಿಗೆ ಬಂದು ಬಗ್ಗಿ, ಖಚಿತವಾಗಿ ಎಂಬತ್ತೈದು ತಾನೇ ಎಂದು ಕೇಳಿದ್ದು ನಮಗೆಲ್ಲ ಕೇಳಿಸಿತು.

“ಐ ಆಮ್ ನಾಟ್ ಶೂರ್” ಅಂದಳು ನನ್ನ ಮಗಳು. “ದಟ್ಸ್ ವೈ.”

ಕೋಚ್ ದಿಬ್ಬದತ್ತ ನಡೆದು, ಈಥನ್‌ನ ಕೈಯಿಂದ ಚೆಂಡು ತೆಗೆದುಕೊಂಡರು. ಬದಲಿಗೆ ಬಂದ ಹುಡುಗನ ಮೂರನೆಯ ಎಸೆತವನ್ನು ಎದುರಿನವನು ಬೇಲಿಯಾಚೆಗೆ ಹೊಡೆದ, ಅವರಿಗೆ ಎರಡು ಓಟ ಬಂದು ನಾವು ಸೋತೆವು. ಸುತ್ತಲಿನ ತಂದೆತಾಯಿಯರು ಕುರ್ಚಿ ಮಡಚುತ್ತ ನನ್ನ ಕಡೆ ನೋಡದೆ ಹೊರಟರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದೆ, ಜೋರಾಗಿ, ಒಬ್ಬನೇ. “ರೀ, ಸೋತಿದೀವಿ, ಜನ ನೋಡ್ತಿದಾರೆ, ಕೂತ್ಕೊಳ್ಳಿ” ಎಂದು ನಸೀಮ ಅಂಗಿ ಹಿಡಿದು ಎಳೆದಳು. ನಾನು ಕೂರಲಿಲ್ಲ.